ರಣರಂಗದ ಮೊದಲ ವೈದ್ಯ, ಪಕ್ಕದ ಸಿಪಾಯಿ

ದಿಂಡಿಗಲ್ಲಿನಿಂದ ಕುಮಳಿಯವರೆಗಿನ ನಮ್ಮ ಊರುಗಳಲ್ಲಿ ಮಗನನ್ನೋ ತಮ್ಮನನ್ನೋ ಅಳಿಯನನ್ನೋ ಸೈನ್ಯಕ್ಕೆ ಕಳಿಸಿದ ಮನೆಗಳಿವೆ. ರಜೆಯಲ್ಲಿ ಬಂದವನನ್ನು ನಾವು ಕೇಳುವುದು ಯಾವ ಊರಿನಲ್ಲಿ ಪೋಸ್ಟಿಂಗು, ಚಳಿ ಎಷ್ಟು, ಪ್ರಮೋಷನ್ ಯಾವಾಗ ಎಂದು. "ಪಕ್ಕದವನಿಗೆ ಗುಂಡು ತಗುಲಿದರೆ ನೀನು ಏನು ಮಾಡುತ್ತೀಯಪ್ಪಾ?" ಎಂದು ಯಾರೂ ಕೇಳುವುದಿಲ್ಲ. ಅದು ಕೇಳಬಾರದ ಮಾತು ಎಂದು ಬಿಟ್ಟುಬಿಡುತ್ತೇವೆ. ಆದರೆ ಆ ಪ್ರಶ್ನೆಗೆ ಸೈನ್ಯಗಳು ಕೊಡುವ ಉತ್ತರ ಕಳೆದ ಮೂವತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಗಾಯಾಳುವಿನ ಜೀವ ಉಳಿಸುವ ಮೊದಲ ಕೆಲಸ ಡಾಕ್ಟರದಲ್ಲ, ಪಕ್ಕದಲ್ಲಿ ಇರುವವನದು ಎಂಬುದೇ ಆ ಹೊಸ ಉತ್ತರ. ಈ ವಿಚಾರ ಸೈನ್ಯಕ್ಕೆ ಎಷ್ಟು ಬೇಕೋ, ಘಾಟಿ ರಸ್ತೆಗಳ ನಡುವೆ ಬಾಳುವ ನಮಗೂ ಅಷ್ಟೇ ಬೇಕು. ಹಾಗಾಗಿ ಇಂದು ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ಲೆಕ್ಕ. ಬೆಳೆದ ಮನುಷ್ಯನ ಮೈಯಲ್ಲಿ ಇರುವ ರಕ್ತ ಸುಮಾರು ಐದು ಲೀಟರು. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವಷ್ಟು ರಕ್ತ ಹೊರಗೆ ಹರಿಯುತ್ತದೆ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಬೇಡ. ಅಷ್ಟರೊಳಗೆ ಯಾವ ಡಾಕ್ಟರು ಬರಬಲ್ಲರು? ರಣರಂಗದಲ್ಲಿ ಬರಲಾರರು, ಘಾಟಿಯ ತಿರುವಿನಲ್ಲೂ ಬರಲಾರರು. ರಕ್ತಸ್ರಾವ, ಅಂದರೆ ತಮಿಳಿನಲ್ಲಿ ನಮ್ಮ ಮಕ್ಕಳು ಓದುವ 'ರತ್ತಪ್ಪೋಕ್ಕು', ಅದನ್ನು ಆ ನಿಮಿಷಗಳಲ್ಲಿ ನಿಲ್ಲಿಸಬಲ್ಲವನು ಅಲ್ಲೇ ಇರುವವನು ಮಾತ್ರ.

ಇದು ಸೈನ್ಯಗಳಿಗೆ ಮೊದಲೇ ತಿಳಿದಿರಲಿಲ್ಲವೇ ಎಂದು ನೀವು ಕೇಳಬಹುದು. ಅರ್ಧ ತಿಳಿದಿತ್ತು. ಹಿಂದಿನ ಕಾಲದಲ್ಲಿ ಯುದ್ಧ ಮುಗಿಯುವವರೆಗೆ ಗಾಯಾಳುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದರು. 1790ರ ದಶಕದಲ್ಲಿ ಫ್ರೆಂಚ್ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಎಂಬವರು ಹಗುರವಾದ ಕುದುರೆಗಾಡಿಗಳನ್ನು ಯುದ್ಧ ನಡೆಯುತ್ತಿರುವಾಗಲೇ ಒಳಗೆ ಕಳಿಸಿ ಗಾಯಾಳುಗಳನ್ನು ಹೊರಗೆ ತರಿಸಿದರು. ಅವರದೇ ಇನ್ನೊಂದು ನಿಯಮವಿತ್ತು. ದೊಡ್ಡ ಅಧಿಕಾರಿಯೋ ಸಾಮಾನ್ಯ ಸಿಪಾಯಿಯೋ ಎಂದು ನೋಡಬಾರದು, ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ. ಇಂದು ಎಲ್ಲ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ನಡೆಯುವುದು ಇದೇ ನಿಯಮ.

ನಮ್ಮ ದೇಶದ ವಿಷಯಕ್ಕೆ ಬರೋಣ. ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಎಂಬ ವೈದ್ಯ ದಳ ಹುಟ್ಟಿದ್ದು 1943ರ ಏಪ್ರಿಲ್ 3ರಂದು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಡಾಕ್ಟರುಗಳನ್ನೂ ಆಸ್ಪತ್ರೆ ಸಿಬ್ಬಂದಿಯನ್ನೂ ಒಂದೇ ದಳಕ್ಕೆ ಸೇರಿಸಲಾಯಿತು. ಇಂದು ಆ ದಳದ ತರಬೇತಿ ಕೇಂದ್ರ ಲಕ್ನೋದಲ್ಲಿದೆ. ಸೈನ್ಯಕ್ಕೆ ಡಾಕ್ಟರುಗಳನ್ನು ತಯಾರು ಮಾಡುವ ಕಾಲೇಜು ಪುಣೆಯಲ್ಲಿದೆ.

ಈ ದಳದ ಚರಿತ್ರೆಯಲ್ಲಿ ಎಲ್ಲರೂ ನೆನೆಯಬೇಕಾದ ಹೆಸರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್. ಅವರು ಡಾಕ್ಟರು. 1941ರಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕಿದ ಮೊದಲ ಇಬ್ಬರು ಭಾರತೀಯ ಸೈನಿಕರಲ್ಲಿ ಅವರೊಬ್ಬರು. ಕೊರಿಯಾದಲ್ಲಿ ಯುದ್ಧ ಶುರುವಾದಾಗ ಭಾರತ ಅಲ್ಲಿಗೆ ಕಾದಾಡುವ ಪಡೆಯನ್ನು ಕಳಿಸಲಿಲ್ಲ. 1950ರ ನವೆಂಬರಿನಲ್ಲಿ ರಂಗರಾಜ್ ಅವರ ಕೈಕೆಳಗೆ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯ ತುಕಡಿಯನ್ನು ಕಳಿಸಿತು. ಮರುತಿಂಗಳೇ ಪ್ಯೊಂಗ್ಯಾಂಗ್ ನಗರದಿಂದ ಎಲ್ಲರೂ ಹಿಂದೆ ಸರಿಯಬೇಕಾಯಿತು. ಸಾಮಾನು ಸಾಗಿಸಲು ಇವರಿಗೆ ಲಾರಿಗಳಿರಲಿಲ್ಲ. ಔಷಧಿಯನ್ನೂ ಸಲಕರಣೆಗಳನ್ನೂ ಬಿಟ್ಟು ಹೋಗಲು ಇವರು ಒಪ್ಪಲಿಲ್ಲ. ನಿಲ್ದಾಣದಲ್ಲಿ ಬಿಟ್ಟಿದ್ದ ಒಂದು ಉಗಿಬಂಡಿಯನ್ನು ಹುಡುಕಿದರು, ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸಿ ಬಾಯ್ಲರಿಗೆ ನೀರು ತುಂಬಿದರು, ಎಂಜಿನ್ ನಡೆಸಬಲ್ಲ ತಮ್ಮವರನ್ನೇ ಕೂರಿಸಿ ರೈಲು ಹೊರಡಿಸಿದರು. ಒಂದು ಪೆಟ್ಟಿಗೆ ಔಷಧಿ ಎಷ್ಟು ಜೀವ ಎಂಬುದನ್ನು ಬಲ್ಲವರು ಮಾಡಿದ ಕೆಲಸ ಅದು. 1951ರ ಮಾರ್ಚ್ 23ರಂದು ಇವರಲ್ಲಿ ಒಂದು ಚಿಕ್ಕ ತಂಡ ಅಮೆರಿಕದ ಸೈನಿಕರ ಜೊತೆ ಪ್ಯಾರಾಶೂಟಿನಲ್ಲಿ ಇಳಿದು ಯುದ್ಧಭೂಮಿಯಲ್ಲೇ ಗಾಯಾಳುಗಳನ್ನು ನೋಡಿಕೊಂಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ಇಷ್ಟು ಧೈರ್ಯ, ಇಷ್ಟು ವಿದ್ಯೆ ಇದ್ದರೂ ಹಲವು ದೇಶಗಳ ಸೈನ್ಯಗಳಲ್ಲಿ ಒಂದು ಕೊರತೆ ಉಳಿದಿತ್ತು. ಅದು ಟೂರ್ನಿಕೆಟ್ ಎಂಬ ಬಿಗಿಪಟ್ಟಿಯ ವಿಚಾರ. ಕೈಗೋ ಕಾಲಿಗೋ ಗಾಯದ ಮೇಲ್ಗಡೆ ಪಟ್ಟಿ ಸುತ್ತಿ, ಒಂದು ಕಡ್ಡಿ ಸಿಕ್ಕಿಸಿ ತಿರುಚಿ ಬಿಗಿದರೆ ರಕ್ತ ನಿಲ್ಲುತ್ತದೆ. ಇದು ಹಳೆಯ ವಿದ್ಯೆ. ತಿರುಪು ತಿರುಗಿಸಿ ಬಿಗಿಯುವ ಪಟ್ಟಿಯನ್ನು ಫ್ರಾನ್ಸಿನ ಒಬ್ಬ ಶಸ್ತ್ರವೈದ್ಯರು 1718ರಲ್ಲೇ ಮಾಡಿದ್ದರು. ಆದರೆ ಬಿಗಿದ ಕಾಲು ಗಂಟೆಗಟ್ಟಲೆ ಹಾಗೇ ಉಳಿದರೆ ಕೊಳೆಯುತ್ತದೆ, ಕತ್ತರಿಸಬೇಕಾಗುತ್ತದೆ ಎಂಬ ಭಯ ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಬೆಳೆಯಿತು. "ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಕಟ್ಟಿ" ಎಂದು ಪಾಠ ಹೇಳಿಕೊಟ್ಟರು. ಬೇರೆ ದಾರಿ ಇಲ್ಲವೆಂದು ತೀರ್ಮಾನವಾಗುವ ಹೊತ್ತಿಗೆ ಸಿಪಾಯಿಯ ರಕ್ತ ನೆಲಕ್ಕೆ ಹರಿದು ಮುಗಿದಿರುತ್ತಿತ್ತು. ವಿಯೆಟ್ನಾಂ ಯುದ್ಧದಲ್ಲಿ ಕೈಕಾಲಿನ ಗಾಯದ ರಕ್ತಸ್ರಾವದಿಂದಲೇ ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು ಎಂಬ ಅಂದಾಜಿದೆ.

1996ರಲ್ಲಿ ಅಮೆರಿಕದ ಸೈನ್ಯದ ಕೆಲವು ಡಾಕ್ಟರುಗಳು ಈ ಪಾಠವನ್ನು ತಿರುಗಿಸಿ ಬರೆದರು. ಆಸ್ಪತ್ರೆಯ ನಿಯಮಗಳನ್ನು ಗುಂಡು ಹಾರುವ ಜಾಗಕ್ಕೆ ಹಾಗೇ ಒಯ್ಯಬಾರದು ಎಂಬುದು ಅವರ ವಾದ. ಅವರು ಕೆಲಸವನ್ನು ಮೂರು ಹಂತವಾಗಿ ಭಾಗ ಮಾಡಿದರು.

ಮೊದಲ ಹಂತ, ಗುಂಡು ಹಾರುತ್ತಿರುವಾಗ. ಆಗ ಮರೆಗೆ ಹೋಗುವುದು, ಎದುರಾಳಿಯನ್ನು ತಡೆಯುವುದು, ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಬಿಗಿಪಟ್ಟಿ ಕಟ್ಟುವುದು, ಇಷ್ಟೇ. ಬೇರೆ ಏನನ್ನೂ ಮಾಡಲು ಹೋದರೆ ಒಬ್ಬ ಗಾಯಾಳುವಿನ ಜಾಗದಲ್ಲಿ ಇಬ್ಬರಾಗುತ್ತಾರೆ. ಎರಡನೆಯ ಹಂತ, ಮರೆಗೆ ಬಂದ ಮೇಲೆ. ಇಲ್ಲಿ ಒಂದು ಕ್ರಮವಿದೆ. ಮೊದಲು ರಕ್ತ, ಆಮೇಲೆ ಉಸಿರಿನ ದಾರಿ, ಆಮೇಲೆ ಎದೆಯ ಗಾಯ, ಆಮೇಲೆ ರಕ್ತದ ಓಟ, ಕೊನೆಗೆ ಮೈಯ ಬಿಸಿ. ಮೂರನೆಯ ಹಂತ, ಹೆಲಿಕಾಪ್ಟರಿನಲ್ಲೋ ಗಾಡಿಯಲ್ಲೋ ಆಸ್ಪತ್ರೆಗೆ ಸಾಗಿಸುವಾಗ ಮಾಡುವ ಆರೈಕೆ.

ಈ ಕ್ರಮದಲ್ಲಿ ಮೈಯ ಬಿಸಿಗೆ ಏಕೆ ಜಾಗ ಎಂದು ನಿಮಗೆ ಅನಿಸಬಹುದು. ರಕ್ತ ಕಳೆದುಕೊಂಡ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಹರಿಯುತ್ತದೆ. ಒಂದು ಕಂಬಳಿ ಆ ಸುತ್ತನ್ನು ತಡೆಯುತ್ತದೆ. ಎದೆಯ ಗಾಯದ ಕೆಲಸ ಬೇರೆ. ಗಾಯದಿಂದ ಗಾಳಿ ಎದೆಯ ಗೂಡಿನೊಳಗೆ ಸೇರಿ ಹೊರಗೆ ಬರಲಾರದೆ ಉಳಿದರೆ ಶ್ವಾಸಕೋಶವೂ ಹೃದಯವೂ ಅದುಮಿಹೋಗುತ್ತವೆ. ತರಬೇತಾದ ವೈದ್ಯ ಸಹಾಯಕ ದಪ್ಪ ಸೂಜಿ ಚುಚ್ಚಿ ಆ ಗಾಳಿಯನ್ನು ಬಿಡುತ್ತಾನೆ. ಇದು ಕಲಿತವರ ಕೈಯ ಕೆಲಸ, ಬೇರೆಯವರು ಮುಟ್ಟಬಾರದು.

ಈಗ ಭಯದ ಮಾತಿಗೆ ಉತ್ತರ. ಬಾಗ್ದಾದಿನ ಒಂದು ಸೈನಿಕ ಆಸ್ಪತ್ರೆಯಲ್ಲಿ ಬಿಗಿಪಟ್ಟಿ ಕಟ್ಟಿಸಿಕೊಂಡ 232 ಗಾಯಾಳುಗಳ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು. ಪಟ್ಟಿ ಕಟ್ಟಿದ್ದರಿಂದಲೇ ಕೈಯೋ ಕಾಲೋ ಕಳೆದುಕೊಂಡವನು ಅವರಲ್ಲಿ ಒಬ್ಬನೂ ಇರಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ರಕ್ತ ಬತ್ತಿ ಮೈ ಕುಸಿಯುವ ಮೊದಲೇ ಪಟ್ಟಿ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 90 ಮಂದಿ ಬದುಕಿದರು. ಕುಸಿದ ಮೇಲೆ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಪಟ್ಟಿ ಅದೇ. ವ್ಯತ್ಯಾಸ ಕಟ್ಟಿದ ಹೊತ್ತಿನದು.

ಹಾಗಾದರೆ ಹೊತ್ತಿಗೆ ಸರಿಯಾಗಿ ಕಟ್ಟುವವರು ಯಾರು? ಅಮೆರಿಕದ 75ನೇ ರೇಂಜರ್ ರೆಜಿಮೆಂಟು ಅಡಿಗೆಯವನಿಂದ ಅಧಿಕಾರಿಯವರೆಗೆ ಪ್ರತಿಯೊಬ್ಬನಿಗೂ ಈ ವಿದ್ಯೆ ಕಲಿಸಿತು. 2001ರ ಅಕ್ಟೋಬರಿನಿಂದ 2010ರ ಮಾರ್ಚಿನವರೆಗೆ ಆ ರೆಜಿಮೆಂಟಿನಲ್ಲಿ 419 ಮಂದಿ ಯುದ್ಧದಲ್ಲಿ ಗಾಯಗೊಂಡರು, 32 ಮಂದಿ ಸತ್ತರು. ಬಿದ್ದ ಜಾಗದಲ್ಲಿ ಇನ್ನೂ ಒಳ್ಳೆಯ ಆರೈಕೆ ಸಿಕ್ಕಿದ್ದರೆ ಬದುಕುತ್ತಿದ್ದ ಎನ್ನುವಂಥವನು ಸತ್ತವರಲ್ಲಿ ಒಬ್ಬನೂ ಇರಲಿಲ್ಲ. ಕಟ್ಟಿದ ಪಟ್ಟಿಗಳಲ್ಲಿ ಹಲವನ್ನು ಕಟ್ಟಿದವರು ವೈದ್ಯ ಸಹಾಯಕರಲ್ಲ, ಜೊತೆಯ ಸಿಪಾಯಿಗಳು.

ಅದೇ ಕಾಲದಲ್ಲಿ ಅಮೆರಿಕದ ಒಟ್ಟು ಸೈನ್ಯದ ಲೆಕ್ಕ ಬೇರೆಯಾಗಿತ್ತು. 2001ರಿಂದ 2011ರವರೆಗಿನ 4,596 ಯುದ್ಧಸಾವುಗಳನ್ನು ಪರಿಶೀಲಿಸಿದರು. ನೂರಕ್ಕೆ 87 ಮಂದಿ ಆಸ್ಪತ್ರೆ ಸೇರುವ ಮೊದಲೇ ಸತ್ತಿದ್ದರು. ಹಾಗೆ ಸತ್ತವರಲ್ಲಿ ಸುಮಾರು ಕಾಲುಭಾಗ ಉಳಿಸಬಹುದಾಗಿದ್ದ ಜೀವಗಳು. ಆ ಕಾಲುಭಾಗದಲ್ಲಿ ನೂರಕ್ಕೆ 91 ಮಂದಿಯನ್ನು ಕೊಂದದ್ದು ರಕ್ತಸ್ರಾವ. ಅವುಗಳಲ್ಲಿ ಹೆಚ್ಚಿನವು ಹೊಟ್ಟೆ ಎದೆಗಳ ಒಳಗಿನ ರಕ್ತಸ್ರಾವ ಎಂಬುದನ್ನೂ ಹೇಳಬೇಕು. ಅಲ್ಲಿ ಪಟ್ಟಿ ಕಟ್ಟಲಾಗದು, ಶಸ್ತ್ರವೈದ್ಯರೇ ಬೇಕು. ಆದ್ದರಿಂದ ಎರಡೂ ಬೇಕು: ಅಲ್ಲೇ ಇರುವವನ ಕೈ, ಆಮೇಲೆ ತಡಮಾಡದ ಪ್ರಯಾಣ.

ನಮ್ಮ ಸೈನ್ಯದಲ್ಲಿ ಈ ಸರಪಳಿ ಹೀಗಿದೆ. ಸಿಪಾಯಿಯ ಬಳಿ ಗಾಯಕ್ಕೆ ಕಟ್ಟುವ ಫೀಲ್ಡ್ ಡ್ರೆಸ್ಸಿಂಗ್ ಇರುತ್ತದೆ. ಪ್ರತಿ ತುಕಡಿಯಲ್ಲೂ ಕೆಲವು ಸಿಪಾಯಿಗಳಿಗೆ ಬ್ಯಾಟಲ್ ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ಎಂಬ ತರಬೇತಿ ಕೊಡುತ್ತಾರೆ. ಇವರು ಬಂದೂಕು ಹಿಡಿಯುವವರೇ, ಜೊತೆಗೆ ಗಾಯವನ್ನೂ ನೋಡಬಲ್ಲವರು. ಮೆರವಣಿಗೆಯಲ್ಲಿ ಬ್ಯಾಂಡ್ ಬಾರಿಸುವ ಸಿಪಾಯಿಗಳನ್ನು ನೋಡಿದ್ದೀರಲ್ಲ, ಯುದ್ಧ ಬಂದಾಗ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊರುವ ಕೆಲಸ ಅವರದು. ಪಟಾಲಮ್ಮಿನ ಡಾಕ್ಟರು ರೆಜಿಮೆಂಟಲ್ ಏಡ್ ಪೋಸ್ಟ್ ಎಂಬ ಹತ್ತಿರದ ಠಾಣೆಯಲ್ಲಿರುತ್ತಾರೆ. ಅಲ್ಲಿಂದ ಡ್ರೆಸ್ಸಿಂಗ್ ಸ್ಟೇಷನ್, ಅಲ್ಲಿಂದ ಫೀಲ್ಡ್ ಆಸ್ಪತ್ರೆ, ಅಲ್ಲಿಂದ ಶ್ರೀನಗರದ 92ನೇ ಬೇಸ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಸರ್ಕಾರದ ಲೆಕ್ಕದಂತೆ ನಮ್ಮ 527 ಸೈನಿಕರು ಮಡಿದರು, 1,363 ಮಂದಿ ಗಾಯಗೊಂಡರು. ಅಲ್ಲಿನ ಕಡಿದಾದ ಇಳಿಜಾರಿನಲ್ಲಿ ಒಬ್ಬ ಗಾಯಾಳುವನ್ನು ಇಳಿಸಲು ಹಲವರು ಬೇಕು, ಗಂಟೆಗಟ್ಟಲೆ ಹೊತ್ತು ಬೇಕು. ಸರಪಳಿಯ ಮೊದಲ ಕೊಂಡಿ ಗಟ್ಟಿಯಾಗಿರದಿದ್ದರೆ ಮುಂದಿನ ಕೊಂಡಿಗಳಿಗೆ ಕೆಲಸವೇ ಇಲ್ಲ.

ತರಬೇತಿ ಹೇಗಿರುತ್ತದೆ? ಪುಸ್ತಕ ಓದಿ ಕಲಿಯುವುದು ಇಲ್ಲಿ ಸಾಲದು. ಭಯವಾದಾಗ ಕೈ ನಡುಗುತ್ತದೆ, ಬೆರಳು ರಕ್ತದಿಂದ ಜಾರುತ್ತದೆ, ಕತ್ತಲಲ್ಲಿ ಗಾಯ ಎಲ್ಲಿದೆ ಎಂದೇ ಕಾಣದು. ಹಾಗಾಗಿ ಕಲಿಸುವಾಗಲೇ ಓಡಿಸಿ ದಣಿಸುತ್ತಾರೆ, ಕತ್ತಲಲ್ಲಿ ಕಟ್ಟಿಸುತ್ತಾರೆ, ಒಂದೇ ಕೈಯಿಂದ ತನ್ನ ಕಾಲಿಗೇ ಕಟ್ಟಿಕೊಳ್ಳಲು ಹೇಳುತ್ತಾರೆ. ಪಟಾಕಿ ಸಿಡಿಸುತ್ತಾರೆ, ಬಣ್ಣದ ನೀರಿನಿಂದ ಹುಸಿಗಾಯ ಮಾಡುತ್ತಾರೆ, ಗಡಿಯಾರ ಹಿಡಿದು ನಿಲ್ಲುತ್ತಾರೆ. ಪಟ್ಟಿಯನ್ನು ಎಲ್ಲರೂ ಒಂದೇ ಜೇಬಿನಲ್ಲಿ ಇಡಬೇಕು. ಏಕೆಂದರೆ ಕಟ್ಟುವವನು ತನ್ನ ಪಟ್ಟಿಯನ್ನಲ್ಲ, ಬಿದ್ದವನ ಪಟ್ಟಿಯನ್ನೇ ತೆಗೆಯಬೇಕು. ಮುಂದಿನ ಗಳಿಗೆಯಲ್ಲಿ ತನ್ನ ಪಟ್ಟಿ ತನಗೇ ಬೇಕಾಗಬಹುದು. ಕತ್ತೆತ್ತಿ ಹುಡುಕದೆ ಕೈ ತಾನಾಗಿ ಆ ಜೇಬಿಗೆ ಹೋಗುವವರೆಗೆ ಅಭ್ಯಾಸ ಮಾಡಿಸುತ್ತಾರೆ.

ಬಂಧುಗಳೇ, ಈಗ ನಮ್ಮ ಕಣಿವೆಗೆ ಬರೋಣ. ಇಲ್ಲಿ ಯುದ್ಧವಿಲ್ಲ. ಆದರೆ ದೂರವಿದೆ. ಕಂಬದಿಂದ ತೇನಿಗೆ ಸುಮಾರು 40 ಕಿಲೋಮೀಟರು, ಮೆಡಿಕಲ್ ಕಾಲೇಜು ಆಸ್ಪತ್ರೆ ಅದಕ್ಕೂ ಆಚೆ. ಏಲಕ್ಕಿ ತೋಟಗಳಿಗೆ ಹೆಂಗಸರನ್ನು ತುಂಬಿಕೊಂಡು ಬೆಳಗಿನ ಜಾವ ಜೀಪುಗಳು ಕಂಬಂಮೆಟ್ಟು, ಬೋಡಿಮೆಟ್ಟು, ಕುಮಳಿ ಘಾಟಿಗಳನ್ನು ಹತ್ತುತ್ತವೆ. ದ್ರಾಕ್ಷಿ ತೋಟದಲ್ಲಿ ಕಲ್ಲುಕಂಬ, ತಂತಿ, ಕತ್ತಿಗಳ ಕೆಲಸ. ತೆಂಗಿನ ಮರ ಹತ್ತುವವರಿದ್ದಾರೆ, ಮರ ಕುಯ್ಯುವವರಿದ್ದಾರೆ. ಇಲ್ಲಿ ಯಾರಿಗೆ ಯಾವಾಗ ಗಾಯವಾದರೂ ಮೊದಲ ಐದು ನಿಮಿಷ ಪಕ್ಕದವರ ಕೈಯಲ್ಲೇ ಇರುತ್ತದೆ.

2018ರ ಮಾರ್ಚ್ 11ರಂದು ಬೋಡಿಯ ಮೇಲಿನ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು, ಅದರ ಗರುಡ ಕಮಾಂಡೋಗಳು ಬಂದರು. ಆದರೆ ಅವರಿಗಿಂತ ಮೊದಲು ಬೆಟ್ಟ ಹತ್ತಿದವರು ಅಲ್ಲಿನ ಊರಿನವರು. ಅದು ಸುಟ್ಟಗಾಯದ ದುರಂತ, ರಕ್ತಸ್ರಾವದ್ದಲ್ಲ. ಆದರೂ ಮೊದಲು ಬರುವವನು ಊರಿನವನೇ ಎಂಬ ಮಾತು ಅಲ್ಲಿಯೂ ನಿಜವಾಯಿತು.

ಹಾಗಾದರೆ ನಾವು ಏನು ಕಲಿಯಬೇಕು? ಪ್ರಥಮ ಚಿಕಿತ್ಸೆ, ತಮಿಳಿನ 'ಮುದಲುದವಿ', ಇದರಲ್ಲಿ ಇಂದು ಹೇಳುವುದು ರಕ್ತದ ವಿಚಾರ ಮಾತ್ರ.

ಒಂದು. ಸಿಪಾಯಿ ಮೊದಲು ಮರೆ ನೋಡುವಂತೆ ನೀವು ಮೊದಲು ಜಾಗ ನೋಡಿ. ಮಗುಚಿದ ಜೀಪು ಇನ್ನೂ ಜಾರುವಂತಿದ್ದರೆ ಚಕ್ರಕ್ಕೆ ಕಲ್ಲು ಕೊಡಿ. ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ಬರುವ ಬಸ್ಸು ಲಾರಿ ತಡೆಯಿರಿ. ಒಬ್ಬರು 108ಕ್ಕೆ ಫೋನು ಮಾಡಲಿ.

ಎರಡು. ರಕ್ತ ಎಲ್ಲಿಂದ ಬರುತ್ತಿದೆ ಎಂದು ಬಟ್ಟೆ ಸರಿಸಿ ನೋಡಿ. ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಿ. ನಡುನಡುವೆ ತೆಗೆದು ನೋಡಬೇಡಿ. ತೊಡೆಸಂದಿಯಲ್ಲೋ ಕಂಕುಳಲ್ಲೋ ಆಳದ ಗಾಯವಿದ್ದರೆ ಬಟ್ಟೆಯನ್ನು ಗಾಯದೊಳಕ್ಕೇ ತುಂಬಿ ಒತ್ತಿ ಹಿಡಿಯಿರಿ. ಹೆಚ್ಚಿನ ಗಾಯಗಳಿಗೆ ಒತ್ತಿ ಹಿಡಿಯುವುದೇ ಸಾಕು.

ಮೂರು. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ, ಕೈಯೋ ಕಾಲೋ ತುಂಡಾಗಿದ್ದರೆ, ಆಗ ಬಿಗಿಪಟ್ಟಿ. ಗಾಯಕ್ಕಿಂತ ಮೂರು ನಾಲ್ಕು ಬೆರಳು ಮೇಲೆ, ಮೊಣಕಾಲು ಮೊಣಕೈಯ ಕೀಲನ್ನು ಬಿಟ್ಟು ಕಟ್ಟಿ. ಮೂರು ಬೆರಳು ಅಗಲದ ಟವೆಲ್ಲೋ ವೇಷ್ಟಿಯ ಪಟ್ಟಿಯೋ ಆಗಬಹುದು. ಸಣ್ಣ ಹಗ್ಗ, ತಂತಿ ಬೇಡ, ಅವು ಮಾಂಸ ಕೊಯ್ಯುತ್ತವೆ. ಗಂಟಿನಲ್ಲಿ ಗಟ್ಟಿ ಕಡ್ಡಿ ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ, ಕಡ್ಡಿ ಬಿಚ್ಚದಂತೆ ಕಟ್ಟಿ. ಬಹಳ ನೋಯುತ್ತದೆ, ನೋವೆಂದು ಸಡಿಲಿಸಬೇಡಿ. ಕಟ್ಟಿದ ಹೊತ್ತನ್ನು ಬರೆದಿಡಿ, ಆಸ್ಪತ್ರೆಯಲ್ಲಿ ಅದನ್ನೇ ಮೊದಲು ಹೇಳಿ. ಎರಡು ಗಂಟೆಯೊಳಗೆ ಡಾಕ್ಟರ ಕೈಸೇರಿದರೆ ಸಾಮಾನ್ಯವಾಗಿ ಕೈಕಾಲಿಗೆ ಅಪಾಯವಿಲ್ಲ.

ನಾಲ್ಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಕತ್ತು ತಿರುಚದಂತೆ ಪಕ್ಕಕ್ಕೆ ಮಲಗಿಸಿ. ಕುಡಿಯಲು ಏನೂ ಕೊಡಬೇಡಿ. ಮಳೆಯಿರಲಿ, ಬಿಸಿಲಿರಲಿ, ಮೇಲೊಂದು ಕಂಬಳಿ ಹೊದಿಸಿ.

ಐದು. ಇದನ್ನು ಎಚ್ಚರಿಕೆಯಿಂದ ಕೇಳಿ. ಹಾವು ಕಚ್ಚಿದರೆ ಈ ಪಟ್ಟಿ ಕಟ್ಟಲೇಬಾರದು. ವಿಷ ಏರದಿರಲಿ ಎಂದು ಬಿಗಿಯಾಗಿ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ. ಅದರಿಂದ ವಿಷ ನಿಲ್ಲುವುದಿಲ್ಲ, ಕಾಲು ಮಾತ್ರ ಹಾಳಾಗುತ್ತದೆ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಕಟ್ಟು ಎಂಬ ಮಾತು ನಮ್ಮ ಎರಡು ಭಾಷೆಯಲ್ಲೂ ಒಂದೇ. ಯಾವುದಕ್ಕೆ ಕಟ್ಟು, ಯಾವುದಕ್ಕೆ ಬೇಡ ಎಂಬುದು ಎರಡು ಭಾಷೆಯಲ್ಲೂ ತಿಳಿದಿರಲಿ.

ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಅಂಜಿಕೆಯಿಂದ ಹಲವರು ಗಾಯಾಳುವನ್ನು ಮುಟ್ಟುವುದಿಲ್ಲ. ಆ ಅಂಜಿಕೆಗೆ ಈಗ ಕಾರಣವಿಲ್ಲ. ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಒಪ್ಪಿಗೆ ಕೊಟ್ಟಿತು. 2019ರ ಮೋಟಾರು ವಾಹನ ಕಾಯಿದೆ ತಿದ್ದುಪಡಿ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಅವರ ಹೆಸರು ವಿಳಾಸ ಹೇಳೆಂದು ಬಲವಂತ ಮಾಡುವಂತಿಲ್ಲ. ಖರ್ಚಿನ ಮಾತಿಗೆ, ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಒಂದು ಯೋಜನೆ ಆರಂಭಿಸಿತು. ಹೆಸರು 'ಇನ್ನುಯಿರ್ ಕಾಪ್ಪೋಂ, ನಮ್ಮೈ ಕಾಕ್ಕುಂ 48'. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಕೊಡುವುದು ಅದರ ಉದ್ದೇಶ. 2022ರ ಜನವರಿಯಿಂದ ದಿಂಡಿಗಲ್ಲಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ದಾರಿಯ ಕೊನೆಯ ಕೊಂಡಿಗಳು ಮೊದಲಿಗಿಂತ ಗಟ್ಟಿಯಾಗಿವೆ. ಮೊದಲ ಕೊಂಡಿ ನಮ್ಮದು.

ರೇಡಿಯೋದಲ್ಲಿ ಕೇಳಿದ್ದರಿಂದ ಕೈಗೆ ವಿದ್ಯೆ ಬರುವುದಿಲ್ಲ. ರೆಡ್‌ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ನಡೆಸುತ್ತವೆ. ಇನ್ನೂ ಹತ್ತಿರದ ಗುರು ಒಬ್ಬರಿದ್ದಾರೆ. ನಿಮ್ಮ ಬೀದಿಯಲ್ಲೇ ಸೈನ್ಯದಿಂದ ನಿವೃತ್ತರಾಗಿ ಬಂದ ಮಾವನೋ ದೊಡ್ಡಪ್ಪನೋ ಇರಬಹುದು. ಅವರನ್ನು ಕರೆದು ಕೂರಿಸಿ. ಜೀಪು ಓಡಿಸುವ ಹುಡುಗರು, ತೋಟಕ್ಕೆ ಹೋಗುವ ಅಕ್ಕಂದಿರು, ಒಂಬತ್ತು ಹತ್ತನೆಯ ತರಗತಿಯ ಮಕ್ಕಳು ಸುತ್ತ ಕೂರಲಿ. ಒಂದು ಟವೆಲ್, ಒಂದು ಕಡ್ಡಿ ಸಾಕು. ಅಭ್ಯಾಸಕ್ಕೆ ಪೂರ್ತಿ ಬಿಗಿಯದೆ, ಕಟ್ಟುವ ರೀತಿಯನ್ನು ಮಾತ್ರ ಒಬ್ಬರ ಕಾಲಿಗೆ ಒಬ್ಬರು ಕಟ್ಟಿ ನೋಡಿ. ಪ್ರತಿ ಜೀಪಿನಲ್ಲೂ ಸೀಟಿನ ಕೆಳಗೆ ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿ ಆ ಟವೆಲ್ಲೂ ಕಡ್ಡಿಯೂ ಇರಲಿ.